ತೋಟ ಮನೆಯೊಳಗಿದ್ದ ದಿನ

ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದ್ದ, ಹೊಸ ವಿಮಾನ ನಿಲ್ದಾಣಕ್ಕೆಂದು ಅಳೆದ ಜಮೀನುಗಳ ಪಟ್ಟಿಯಲ್ಲಿ ನಮ್ಮದರ ಮುಂದೆ ಹೀಗೆ ಬರೆದಿತ್ತು: ‘ಬೀಳು. ಬೆಳೆ ಇಲ್ಲ. ಬೀಗ ಹಾಕಿದ ಶೆಡ್ ಒಂದು.’ ಅದರ ಪಕ್ಕದಲ್ಲಿ ಅಳತೆಯವರು ಬಂದು ನೋಡಿದ ದಿನ, ಒಂದು ಮಂಗಳವಾರ. ನಿಂತಲ್ಲೇ ಎರಡು ಸಲ ಓದಿದೆ. ಮನೆಗೆ ಬಂದು ನನ್ನ ಪುಸ್ತಕ ತೆಗೆದು ಅದೇ ಮಂಗಳವಾರದ ಪುಟ ಹುಡುಕಿದೆ. ಅಲ್ಲಿದ್ದದ್ದು ಇದು: ‘ನಾಲ್ಕನೇ ಜ್ವರ ಎದ್ದು ಐದನೇ ದಿನ. ಬೆಳಿಗ್ಗೆ ಆರು ಹೊರೆ, ಮಧ್ಯಾಹ್ನ ಐದು, ಸಂಜೆ ಏಳು. ಒಟ್ಟು ಹದಿನೆಂಟು ಹೊರೆ ಕಡ್ಡಿ. ತೋಟದಲ್ಲಿ ಉಳಿದದ್ದು ಒಂಬತ್ತು ಸಾಲು. ಸತ್ತ ಹುಳ ಮೂರು.’

ಎರಡೂ ಒಂದೇ ನೆಲದ ಬಗ್ಗೆ ಒಂದೇ ದಿನ ಬರೆದದ್ದು. ಒಂದಕ್ಕೆ ಸೀಲು ಇದೆ, ಇನ್ನೊಂದಕ್ಕೆ ಇಲ್ಲ. ಸೀಲು ಇದ್ದದ್ದೇ ಸುಳ್ಳಾಗಿತ್ತು.

ನಮ್ಮೂರು ಹಾರೋಹಳ್ಳಿಯಿಂದ ಕನಕಪುರದ ಕಡೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಇಳಿದು ನಡೆದರೆ ಇನ್ನು ಹತ್ತು. ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡುತ್ತೇನೆ. ಯಾವ ಡಬ್ಬ ಎಷ್ಟು ಬಂತು, ಎಷ್ಟು ಹೋಯಿತು ಎಂದು ಬರೆಯುವ ಕೆಲಸ. ಮನೆಯಲ್ಲಿ ಅವ್ವ ರೇಷ್ಮೆ ಹುಳ ಸಾಕುತ್ತಾಳೆ. ಹಿಪ್ಪುನೇರಳೆ ತೋಟ ಒಂದು ಎಕರೆ, ಎಪ್ಪತ್ತು ಸಾಲು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವ್ವ ‘ಹೋದ್ ಬೆಳೆ ಹುಳ ಎಷ್ಟು ದಿನಕ್ಕೆ ಹಣ್ಣಾಗಿದ್ದೋ ನೆಪ್ಪಿಲ್ಲ ಕಣೆ’ ಎಂದಳು. ಅವತ್ತಿನಿಂದ ನಾನು ಬರೆದಿಡುತ್ತಿದ್ದೇನೆ. ಆ ಮಂಗಳವಾರದ್ದು ನಾನು ಬರೆದ ಐವತ್ತಮೂರನೆಯ ಬೆಳೆ.

ಹುಳದ ಲೆಕ್ಕ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಹುಳ ತನ್ನ ಜೀವಮಾನದಲ್ಲಿ ನಾಲ್ಕು ಸಲ ತಿನ್ನುವುದು ಬಿಟ್ಟು ತಲೆ ಎತ್ತಿಕೊಂಡು ಸುಮ್ಮನೆ ಮಲಗಿ ಹಳೆಯ ಚರ್ಮ ಕಳಚುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟುವವರೆಗೆ ಏಳು ದಿನ. ಅಲ್ಲಿಯ ತನಕ ಚೂರುಚೂರು ತಿಂದ ಹುಳ ಆ ಏಳು ದಿನದಲ್ಲಿ ಇಡೀ ತೋಟವನ್ನೇ ತಿನ್ನುತ್ತದೆ. ಮೊದಲಿನ ಹಾಗೆ ಒಂದೊಂದೇ ಎಲೆ ಬಿಡಿಸಿ ಹಾಕುವುದು ಈಗಿಲ್ಲ. ಕಡ್ಡಿಯನ್ನು ಬುಡಕ್ಕೆ ಕಡಿದು, ಹೊರೆ ಕಟ್ಟಿ ತಂದು, ಹುಳ ಮನೆಯ ಅಟ್ಟಣಿಗೆಯ ಮೇಲೆ ಕಡ್ಡಿ ಸಮೇತ ಹಾಸುತ್ತೇವೆ. ಹಾಗಾಗಿ ಆ ಏಳು ದಿನದ ಕೊನೆಗೆ ಹೊಲದಲ್ಲಿ ಮೋಟು ಬಿಟ್ಟರೆ ಏನೂ ಇರುವುದಿಲ್ಲ. ತೋಟವೆಲ್ಲ ಮನೆಯೊಳಗೆ ಬಂದಿರುತ್ತದೆ. ಎರಡು ತಿಂಗಳಿಗೆ ಅದೇ ಮೋಟಿನಿಂದ ಎದೆಯುದ್ದ ಚಿಗುರು ಬಂದು ಮತ್ತೆ ತೋಟವಾಗುತ್ತದೆ. ನಮ್ಮ ಕಡೆಯ ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಅಳೆಯಲು ಬಂದವರಿಗೆ ಗೊತ್ತಿರಲಿಲ್ಲ.

ಆ ಏಳು ದಿನ ಹುಳ ಮನೆಯೊಳಗೆ ಹೊರಗಿನವರನ್ನು ಯಾರೂ ಬಿಡುವುದಿಲ್ಲ. ರೋಗ ಬರುವುದು ಕಾಲಿನಿಂದ, ಕೈಯಿಂದ, ಬಟ್ಟೆಯಿಂದ. ಬಾಗಿಲಲ್ಲಿ ಸುಣ್ಣ ಚೆಲ್ಲಿರುತ್ತೇವೆ. ಬ್ಲೀಚಿಂಗ್ ನೀರಿನ ಬೋಗುಣಿ ಇಟ್ಟಿರುತ್ತೇವೆ. ಒಳಗಿನ ಚಪ್ಪಲಿಯೇ ಬೇರೆ. ಅವ್ವ ತನ್ನ ಸ್ವಂತ ತಂಗಿಯನ್ನೂ ಒಳಗೆ ಬಿಟ್ಟವಳಲ್ಲ. ಚಿಕ್ಕಮ್ಮ ಎರಡು ವರ್ಷ ಅದೇ ಸಿಟ್ಟಿನಲ್ಲಿ ನಮ್ಮ ಮನೆಗೆ ಬರಲಿಲ್ಲ.

ಆ ಮಂಗಳವಾರ ಮೊದಲು ಬಂದದ್ದು ಡ್ರೋನ್. ಬೆಳಿಗ್ಗೆ ಹತ್ತರ ಹೊತ್ತಿಗೆ ತೋಟದ ಮೇಲೆ ಮೂರು ಸುತ್ತು ಹಾಕಿತು. ನಮ್ಮ ತೋಟದ ಬದು ದಾಟಿದರೆ ದೊಡ್ಡಪ್ಪನ ತೋಟ, ಮುಕ್ಕಾಲು ಎಕರೆ. ಅವರ ಬೆಳೆ ನಮ್ಮದಕ್ಕಿಂತ ಹದಿನೈದು ದಿನ ಹಿಂದೆ ನಡೆಯುತ್ತದೆ. ಹಾಗಾಗಿ ಅವತ್ತು ಅವರ ತೋಟ ಹಸಿರಾಗಿ ನಿಂತಿತ್ತು, ನಮ್ಮದು ಮೋಟಾಗಿತ್ತು. ದೊಡ್ಡಪ್ಪ ಬದುವಿನ ಮೇಲೆ ನಿಂತು ಡ್ರೋನಿಗೆ ಕೈ ಬೀಸಿದರಂತೆ, ತಮ್ಮ ಫೋಟೊ ಚೆನ್ನಾಗಿ ಬರಲಿ ಎಂದು.

ಹನ್ನೊಂದಕ್ಕೆ ಅಳತೆಯವರು ಇಬ್ಬರು ಬಂದರು. ಕೈಯಲ್ಲಿ ಟ್ಯಾಬ್, ಕಾಲಲ್ಲಿ ಶೂ. ಸೆಂಟಿನ ವಾಸನೆ ಬಾಗಿಲ ಸಂದಿನಿಂದ ನನಗೇ ಬಡಿಯಿತು. ಬೆಳೆಯ ಕೊನೆಯ ಮೂರು ದಿನ ನಾನು ಕಾರ್ಖಾನೆಗೆ ರಜೆ ಹಾಕುತ್ತೇನೆ. ಅವತ್ತು ಒಳಗೆ ಸೊಪ್ಪು ಹಾಸುತ್ತಿದ್ದೆ. ಅವರು ಶೆಡ್ಡಿನೊಳಗೆ ಏನಿದೆ ನೋಡಬೇಕು ಎಂದರು. ಅವ್ವ ಹೊರಗೆ ಬಾಗಿಲಿಗೆ ಅಡ್ಡ ನಿಂತಳು.

“ಹುಳ ಕೊನೆ ಮೇವಿನಾಗವೆ ಕಣ್ರಪ್ಪಾ. ಒಳೀಕೆ ಬುಡಾಕಿಲ್ಲ. ಎಂಟ್ ದಿನ ಬುಟ್ಟು ಬನ್ನಿ, ಊಟ ಹಾಕ್ತೀನಿ, ಬೇಕಾದ್ದು ನೋಡ್ಕಳಿ.”

ಅವರಲ್ಲೊಬ್ಬ ಇವತ್ತಿನ ಲಿಸ್ಟಿನಲ್ಲಿ ಇನ್ನೂ ನಲವತ್ತು ಸರ್ವೆ ನಂಬರು ಇದೆಯಮ್ಮ ಎಂದ. ಇಬ್ಬರೂ ಹೋದರು. ನಾನು ಹೊರಗೆ ಹೋಗಲಿಲ್ಲ. ಕಾಲು ತೊಳೆದು ಒಳಗಿನ ಚಪ್ಪಲಿ ಹಾಕಿದವಳು ಹೊರಗೆ ಹೋದರೆ ಮತ್ತೆ ಎಲ್ಲ ಮೊದಲಿನಿಂದ ಮಾಡಬೇಕು, ಹುಳ ಹಸಿದಿದ್ದವು. ಸಂಜೆ ಪುಸ್ತಕದಲ್ಲಿ ‘ಅಳತೆಯವರು ಇಬ್ಬರು ಬಂದರು. ಅವ್ವ ಒಳಗೆ ಬಿಡಲಿಲ್ಲ. ಸರಿ ಮಾಡಿದಳು’ ಎಂದು ಬರೆದೆ. ಆ ಕೊನೆಯ ಮಾತನ್ನು ಈಗ ಓದಿದರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಎರಡು ನಿಮಿಷ ಹೊರಗೆ ಹೋಗಿ, ಈ ಮೋಟು ಎಂದರೆ ಏನು ಎಂದು ಹೇಳಬಹುದಿತ್ತು.

ಪಟ್ಟಿ ಅಂಟಿಸಿದ ವಾರಕ್ಕೆ ಶಾಲೆಯ ಅಂಗಳದಲ್ಲಿ ಸಭೆ. ಶಾಮಿಯಾನ ಹಾಕಿ ಪರದೆ ಕಟ್ಟಿದ್ದರು. ಬೆಂಗಳೂರಿನಿಂದ ಬಂದ ಯೋಜನೆಯವರೊಬ್ಬರು ವಿಮಾನ ನಿಲ್ದಾಣವನ್ನು ಹೇಗೆ ಕಟ್ಟುತ್ತಾರೆ, ಹೇಗೆ ನಡೆಸುತ್ತಾರೆ ಎಂದು ಒಂದು ಗಂಟೆ ಹೇಳಿದರು. ಮೊದಲು ಸಣ್ಣದು: ಒಂದೇ ರನ್‌ವೇ, ಚಿಕ್ಕ ಕಟ್ಟಡ, ದಿನಕ್ಕೆ ಕೆಲವೇ ವಿಮಾನ. ಸಣ್ಣ ನಿಲ್ದಾಣ ವಿಮಾನದಿಂದಲೇ ಬದುಕುವುದಿಲ್ಲ, ಅಂಗಡಿ, ಹೋಟೆಲು, ಕಾರು ನಿಲ್ಲಿಸುವ ಜಾಗ ಎಲ್ಲ ಇದ್ದರೆ ಬದುಕುತ್ತದೆ ಎಂದರು. ಜನ ಬಂದ ಹಾಗೆ ರನ್‌ವೇ ಉದ್ದ ಮಾಡುವುದು, ಎರಡನೇ ಹಂತ, ಮೂರನೇ ಹಂತ. ಸುತ್ತ ಹಕ್ಕಿ ಬರದಂತೆ ಕೆರೆ ಮತ್ತು ಮರ ನೋಡಿಕೊಳ್ಳಬೇಕು ಎಂದೂ ಹೇಳಿದರು. ಎಲ್ಲವನ್ನೂ ಬರೆದುಕೊಂಡೆ. ಮನುಷ್ಯ ಒಳ್ಳೆಯವರೇ, ಮಾತು ಸ್ಪಷ್ಟ. ವಿಮಾನ ನಿಲ್ದಾಣ ಬೇಡವೇ ಬೇಡ ಎನ್ನುವಷ್ಟು ನನಗೆ ತಿಳಿವಳಿಕೆಯಿಲ್ಲ. ಬೇಕು ಎನ್ನುವಷ್ಟೂ ಇಲ್ಲ.

ಕೊನೆಗೆ ನಕ್ಷೆ ತೋರಿಸಿದರು. ಬೆಳೆ ಇರುವ ನೆಲಕ್ಕೆ ಹಸಿರು ಬಣ್ಣ, ಖಾಲಿ ನೆಲಕ್ಕೆ ಕಂದು. ರೈತರಿಗೆ ತೊಂದರೆ ಕೊಡಬಾರದೆಂದು ಮೊದಲ ಹಂತಕ್ಕೆ ಕಂದು ಮಾತ್ರ ತೆಗೆದುಕೊಂಡಿದ್ದೇವೆ, ಹಸಿರನ್ನು ಆದಷ್ಟು ಬಿಟ್ಟಿದ್ದೇವೆ ಎಂದರು. ನಮ್ಮ ತೋಟ ಕಂದು. ದೊಡ್ಡಪ್ಪನದು ಹಸಿರು. ನಾವು ಕಡಿಯದೆ ಬಿಟ್ಟಿದ್ದ ಒಂಬತ್ತು ಸಾಲನ್ನು ‘ಬದುವಿನ ಗಿಡ’ ಎಂದು ಗೆರೆ ಎಳೆದು ತೋರಿಸಿದ್ದರು. ಹದಿನೈದು ವರ್ಷ ಹಳೆಯ ತೋಟ ಅದು. ರನ್‌ವೇಗೆ ಹೋಗಿದ್ದರೂ ಒಂದು ಮಾತು. ನಮ್ಮ ಕಂದು ಚೌಕದ ಮೇಲೆ ಬರೆದಿದ್ದದ್ದು ‘ವಾಹನ ನಿಲುಗಡೆ’.

ಮನೆಗೆ ನಡೆದು ಬರುವಾಗ ದೊಡ್ಡಪ್ಪ ದಾರಿಯುದ್ದಕ್ಕೂ ಬಿಡಲಿಲ್ಲ. “ನೋಡ್ ಮಗಾ, ದೊಡ್ಡದೊಡ್ಡೋರ ಕಾರೆಲ್ಲ ನಿಮ್ ತೋಟದಾಗೆ ನಿಲ್ತವಂತೆ. ನನ್ ಎಮ್ಮೇಗೂ ಒಸಿ ಜಾಗ ಕೇಳು, ನಿನ್ ಇಂಗ್ಲೀಷ್ನಾಗೆ.”

ಅವ್ವ ಮುಂದೆ ಮುಂದೆ ನಡೆದಳು. ಅಪ್ಪ ಬೇಲಿಯ ಗೂಟ ಸರಿ ಮಾಡುವ ನೆಪದಲ್ಲಿ ಹಿಂದೆ ಉಳಿದರು.

ಆಕ್ಷೇಪಣೆ ಕೊಡಲು ನಾನು ಕನಕಪುರದ ಭೂಸ್ವಾಧೀನ ಕಚೇರಿಗೆ ಹೋದದ್ದು ಆರು ಸಲ. ಎರಡು ಸಲ ಸಾಹೇಬರು ಇರಲಿಲ್ಲ, ಒಂದು ಸಲ ಕರೆಂಟು ಇರಲಿಲ್ಲ, ಒಂದು ಸಲ ಫೈಲು ರಾಮನಗರಕ್ಕೆ ಹೋಗಿತ್ತು. ಐದನೆಯ ಸಲ ಸಾಹೇಬರು ಸಿಕ್ಕರು. ಐವತ್ತಮೂರು ಬೆಳೆಯ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ, ನಾಲ್ಕು ದಪ್ಪ ನೋಟ್‌ಬುಕ್ಕು. ಅವರು ಒಂದನ್ನು ತೆರೆದು, ಪುಟ ಮಗುಚಿ, ಅಕ್ಷರ ಚೆನ್ನಾಗಿದೆ ಎಂದರು.

“ಇದೆಲ್ಲ ನೀವೇ ಬರೆದಿರೋದಲ್ವೇನಮ್ಮ? ನೀವು ಬರೆದದ್ದು ನಿಮಗೇ ಸಾಕ್ಷಿ ಆಗಲ್ಲ.”

ಹಾಗಾದರೆ ಅಳತೆಯವರು ಬರೆದದ್ದು ಯಾರಿಗೆ ಸಾಕ್ಷಿ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವರೇ ಫೋಟೊ ಇದೆಯಾ ಎಂದರು. ಹುಳ ಮನೆಯಲ್ಲಿ ಫೋಟೊ ತೆಗೆಯಲು ಅವ್ವ ಬಿಡುವುದಿಲ್ಲ, ಕಣ್ಣು ಬೀಳುತ್ತದೆ ಎನ್ನುತ್ತಾಳೆ. ಅದನ್ನು ಅಲ್ಲಿ ಹೇಳಿದ್ದರೆ ಅವರ ಕಣ್ಣಿಗೆ ಇನ್ನಷ್ಟು ಹಗುರವಾಗುತ್ತಿದ್ದೆ. ಇಲ್ಲ ಎಂದೆ. ಕೊನೆಗೆ ಅವರೇ ಒಂದು ದಾರಿ ಹೇಳಿದರು: ತಾವೇ ಬಂದು ನೋಡುತ್ತಾರೆ. ನಿಂತ ಬೆಳೆ ಕಣ್ಣಿಗೆ ಕಂಡರೆ ಇದೆ ಎಂದು, ಕಾಣದಿದ್ದರೆ ಇಲ್ಲ ಎಂದು ಬರೆಯುತ್ತಾರೆ. ದಿನ ಯಾವುದೆಂದು ತಿಳಿಸುತ್ತಾರೆ.

ತಿಳಿಸಿದ್ದು ಮೂರು ವಾರ ಕಳೆದ ಮೇಲೆ, ಒಂದು ಗುರುವಾರ. ಅಷ್ಟರಲ್ಲಿ ತೋಟ ಮತ್ತೆ ಎದೆಯುದ್ದ ಬಂದಿತ್ತು. ಮರಿ ಹುಳ ಮನೆಗೆ ಬಂದು, ಮೂರನೇ ಜ್ವರವೂ ಎದ್ದಿತ್ತು. ಕಾಗದದಲ್ಲಿ ‘ಮುಂದಿನ ವಾರ ಬಿಟ್ಟು ಅದರ ಮುಂದಿನ ಬುಧವಾರ’ ಎಂಬ ಅರ್ಥದ ತಾರೀಖು. ನಾನು ಬೆರಳು ಮಡಚಿ ಎಣಿಸಿದೆ. ಪುಸ್ತಕ ತೆಗೆದು ಇನ್ನೊಮ್ಮೆ ಎಣಿಸಿದೆ. ಆ ಬುಧವಾರ ನಾಲ್ಕನೇ ಜ್ವರ ಎದ್ದು ಏಳನೇ ದಿನ. ಹುಳಕ್ಕೆ ಹೊಟ್ಟೆ ತುಂಬ ಹಾಕಿದರೆ ಅವತ್ತಿಗೆ ತೋಟದಲ್ಲಿ ಒಂದು ಸಾಲೂ ಉಳಿಯುವುದಿಲ್ಲ. ತೋಟ ಉಳಿಸಿದರೆ ಹುಳ ಗೂಡು ಕಟ್ಟದೆ ಸಾಯುತ್ತವೆ.

ಮರುದಿನವೇ ಆರನೆಯ ಸಲ ಹೋದೆ. ಒಂದು ವಾರ ಮೊದಲು ಬನ್ನಿ ಸರ್, ಇಲ್ಲವೇ ಎರಡು ತಿಂಗಳು ಬಿಟ್ಟು ಬನ್ನಿ ಎಂದು ಕೇಳಿದೆ. ಕಾರಣವನ್ನೂ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, ನಗುತ್ತಾ, “ಏರ್‌ಪೋರ್ಟು ನಿಮ್ಮ ಹುಳಕ್ಕೆ ಕಾಯುತ್ತಾ ಕೂರುತ್ತೇನಮ್ಮ?” ಎಂದರು. ಕೋಣೆಯಲ್ಲಿದ್ದ ಇನ್ನಿಬ್ಬರೂ ನಕ್ಕರು. ಆ ನಗುವನ್ನೂ ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ: ಮೂವರು ನಕ್ಕರು. ಇಡೀ ದೇಶದ ವಿಮಾನಗಳ ಹೊತ್ತನ್ನು ನಿಮಿಷ ತಪ್ಪದೆ ಬರೆಯುವ ಜನಕ್ಕೆ, ಹುಳಕ್ಕೂ ಒಂದು ಹೊತ್ತಿದೆ ಎನ್ನುವುದು ತಮಾಷೆಯಾಗಿ ಕೇಳಿಸಿತು.

ಅವ್ವನಿಗೆ ಹೇಳಿದೆ. ಅವಳು ಬಹಳ ಹೊತ್ತು ಯೋಚಿಸಲಿಲ್ಲ. “ಅವ್ರು ಏನಾರ ಬರ್ಕಳ್ಳಿ. ಬಾಯಿ ಬುಟ್ಕಂಡು ಕುಂತಿರೋ ಹುಳಾನ ಉಪಾಸ ಕೆಡವಾಕಾಯ್ತದಾ?” ಎಂದು ಕುಡುಗೋಲು ಹುಡುಕಿದಳು. ಪಟ್ಟಿ ಅಂಟಿಸಿದ ದಿನದಿಂದ ಅವಳು ತೋಟದೊಳಗೆ ಸುಮ್ಮನೆ ಒಬ್ಬಳೇ ನಡೆದಾಡುವುದನ್ನು ನಾನು ಹನ್ನೊಂದು ಸಲ ನೋಡಿದ್ದೆ. ಆ ತೋಟ ಹೋದರೆ ಅವಳಿಗೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದೇ ತಿಳಿಯುವುದಿಲ್ಲ. ಆದರೂ ಹುಳ ಹಸಿಯಲು ಬಿಡಲೊಲ್ಲಳು.

ನಾಲ್ಕನೇ ಜ್ವರ ಎದ್ದ ದಿನ ಬೆಳಿಗ್ಗೆ ನಾನೂ ಅಪ್ಪನೂ ಹೊರೆ ಹಗ್ಗ ತೆಗೆದುಕೊಂಡು ಹೊರಟಾಗ ಹುಳ ಮನೆಯ ಮುಂದೆ ಆಗಲೇ ನಾಲ್ಕು ಹೊರೆ ಬಿದ್ದಿತ್ತು. ದೊಡ್ಡಪ್ಪ ಜಗಲಿಯ ಮೇಲೆ ಕೂತು ಬೀಡಿ ಹಚ್ಚದೆ ಕೈಯಲ್ಲಿ ಹಿಡಿದಿದ್ದರು. ಹುಳ ಮನೆಯ ಹತ್ತಿರ ಹೊಗೆ ಆಗದು. ಕಡ್ಡಿ ಅವರ ತೋಟದ್ದು. ಮರಿ ಹುಳ ಸಾಕಿ ಮಾರುವ ಚಾಕಿ ಕೇಂದ್ರದಿಂದ ಅವರ ಹುಳ ಇನ್ನು ನಾಲ್ಕು ದಿನಕ್ಕೆ ಬರುವುದಿತ್ತು.

ಅವ್ವ ಹೊರಗೆ ಬಂದು ನೋಡಿ, “ಯಾಕ್ ಭಾವಾ, ನಿಮ್ ಹುಳುಕ್ಕೇನ್ ಹಾಕ್ತೀರಿ?” ಎಂದಳು.

“ಚಾಕಿಯೋರ್ಗೆ ಫೋನ್ ಮಾಡಿ ಬ್ಯಾಡ ಅಂದ್ಬುಟ್ಟೆ. ಈ ಸಲ ರಜಾ ಕಣವ್ವ ನಂಗೆ.” ಅವ್ವ ಬೇಡವೆಂದು ಶುರು ಮಾಡಿದಳು. ದೊಡ್ಡಪ್ಪ ಎದ್ದು ಹಗ್ಗ ಹೆಗಲಿಗೆ ಹಾಕಿಕೊಂಡರು. “ಕಡ್ದಾಯ್ತಲ್ಲ, ಇನ್ನೇನ್ ಅಂಟಿಸಾಕಾಯ್ತದಾ? ನಂದು ಹೆಂಗೂ ಹಸ್ರು ಅಂತ ಬರ್ದವ್ರೆ. ನನ್ ಡ್ರೋನ್ ಫೋಟೊ ಚೆಂದಾಗ್ ಬಂದೈತೆ.”

ಅವತ್ತಿನಿಂದ ಏಳು ದಿನ ನಾವು ದೊಡ್ಡಪ್ಪನ ತೋಟವನ್ನು ಹುಳಕ್ಕೆ ಹಾಕಿದೆವು. ಎಣಿಕೆ ನನ್ನ ಹತ್ತಿರ ಇದೆ: ತೊಂಬತ್ತೆರಡು ಹೊರೆ. ನಮ್ಮ ತೋಟ ಹಾಗೇ ನಿಂತಿತ್ತು, ಯಾರಿಗೂ ಉಪಯೋಗವಿಲ್ಲದೆ, ಎಲೆ ಬಲಿತು, ತಿದ್ದಿದ ಪಟ್ಟಿಯೊಂದರ ಆಸೆಗೆ. ಇದನ್ನು ಯೋಚಿಸಿದಾಗಲೆಲ್ಲ ಇಂದಿಗೂ ಮೈ ಉರಿಯುತ್ತದೆ. ಕೆಲಸ ಗೊತ್ತಿರುವ ಎರಡು ಮನೆಯವರು, ಕೆಲಸ ಗೊತ್ತಿಲ್ಲದ ಒಬ್ಬರ ಕಣ್ಣಿಗೆ ಕಾಣಲೆಂದು ಒಂದು ಇಡೀ ಬೆಳೆಯನ್ನು ಬಿಡಬೇಕಾಯಿತು.

ಬುಧವಾರ ಸಾಹೇಬರು ಹನ್ನೆರಡೂ ಕಾಲಿಗೆ ಬಂದರು. ನಮ್ಮ ತೋಟದ ಸಾಲಿನ ನಡುವೆ ಹತ್ತು ಹೆಜ್ಜೆ ನಡೆದರು. ಒಂದು ಕಡ್ಡಿ ಬಗ್ಗಿಸಿ ನೋಡಿದರು. ಬುಡದ ದಪ್ಪ ನೋಡಿ ಹಳೆಯ ತೋಟವೇ ಎಂದರು. ಫಾರಂ ಮೇಲೆ ‘ಹಿಪ್ಪುನೇರಳೆ, ನಿಂತ ಬೆಳೆ ಇದೆ’ ಎಂದು ಬರೆದು ಸಹಿ ಹಾಕಿದರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಎಲ್ಲ ಒಟ್ಟು ಎಂಟು ನಿಮಿಷದ ಕೆಲಸ.

ಪೆನ್ನು ಜೇಬಿಗೆ ಹಾಕುವ ಮುಂಚೆ ಅವರು ಬದುವಿನ ಆಚೆ ನೋಡಿದರು. ಅಲ್ಲಿ ದೊಡ್ಡಪ್ಪನ ಮುಕ್ಕಾಲು ಎಕರೆ ಮೋಟಾಗಿ ಬಿದ್ದಿತ್ತು. ನಕ್ಷೆ ಬಿಡಿಸಿ ಬೆರಳಿಟ್ಟು ನೋಡಿದರು.

“ಇದು ನಕ್ಷೆಯಲ್ಲಿ ಹಸಿರು ಇದೆಯಲ್ಲ. ಇಲ್ಲಿ ನೋಡಿದ್ರೆ ಖಾಲಿ. ಬಂದದ್ದು ಒಳ್ಳೇದಾಯ್ತು, ಇದನ್ನೂ ತಿದ್ದಿಬಿಡೋಣ.”

ದೊಡ್ಡಪ್ಪ ಅಲ್ಲೇ ಇದ್ದರು. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ಮನುಷ್ಯ, ಅವತ್ತು ಬದು ಇಳಿದು ತಮ್ಮ ಮೋಟಿನ ಸಾಲಿನ ನಡುವೆ ಹೋಗಿ ನಿಂತರು. ನಾನು ವಿವರಿಸಲು ಹೋದೆ. ಈ ಮೋಟು, ಈ ಏಳು ದಿನ, ತೊಂಬತ್ತೆರಡು ಹೊರೆ. ಸಾಹೇಬರು ಕೈ ಎತ್ತಿ, ನೋಡಿದ್ದನ್ನು ಬರೆಯುತ್ತೇನೆ, ಕೇಳಿದ್ದನ್ನು ಬರೆಯಲಾಗದು ಎಂದರು. ಫಾರಂನ ಇನ್ನೊಂದು ಹಾಳೆ ತೆಗೆದರು.

ಆಗ ಅವ್ವ ಅವರ ಮುಂದೆ ಹೋಗಿ ನಿಂತಳು. “ಬನ್ನಿ ಸೋಮಿ. ಶೂ ಬಿಚ್ಚಿ. ಆ ತೋಟ ಒಳಗೈತೆ, ತೋರುಸ್ತೀನಿ.”

ನನಗೆ ನಂಬಲಾಗಲಿಲ್ಲ. ತಂಗಿಯನ್ನು ಬಿಡದವಳು, ತನ್ನ ತೋಟ ಪಟ್ಟಿಯಲ್ಲಿ ಬೀಳಾದಾಗಲೂ ಬಾಗಿಲು ತೆರೆಯುವ ಮಾತಾಡದವಳು. ಅವರ ಕಾಲನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿಸಿದಳು, ಅಪ್ಪನ ಒಳಗಿನ ಚಪ್ಪಲಿ ಕೊಟ್ಟಳು, ಕೈ ತೊಳೆಸಿದಳು, ಅಂಗಿಯ ಮೇಲೆ ಒಗೆದ ಟವೆಲ್ ಹೊದಿಸಿದಳು. ಸಾಹೇಬರು ಮದುವೆಯ ಗಂಡಿನ ಹಾಗೆ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಬಾಗಿಲು ತೆರೆದಳು.

ಒಳಗೆ ಮೂರು ಅಂತಸ್ತಿನ ಅಟ್ಟಣಿಗೆ, ಈ ಗೋಡೆಯಿಂದ ಆ ಗೋಡೆಯವರೆಗೆ ಕಡ್ಡಿ. ಕೆಳಗೆ ಹುಳ ತಿಂದು ಬರಿದಾದ ಕಡ್ಡಿಯ ರಾಶಿ, ಮೇಲೆ ಬೆಳಿಗ್ಗೆ ಹಾಸಿದ ಹಸಿರು, ಅದರ ಮೇಲೆಲ್ಲ ಬೆರಳು ಗಾತ್ರದ ಬಿಳಿ ಹುಳ. ಸಾವಿರಾರು ಬಾಯಿ ಎಲೆ ಕತ್ತರಿಸುವ ಸದ್ದು. ಸಾಹೇಬರು ಮೇಲಿನ ಅಂತಸ್ತಿನವರೆಗೂ ತಲೆ ಎತ್ತಿ ನೋಡಿದರು. ಇದೆಲ್ಲ ಆ ಹೊಲದ್ದಾ ಎಂದು ಮೆಲ್ಲಗೆ ಕೇಳಿದರು. ನಾನು ಒಂದು ಬರಿ ಕಡ್ಡಿ ಎತ್ತಿಕೊಂಡು ಅವರ ಜೊತೆ ಹೊರಗೆ ಬಂದೆ. ದೊಡ್ಡಪ್ಪನ ಹೊಲಕ್ಕೆ ಕರೆದೊಯ್ದು, ಒಂದು ಮೋಟಿನ ಮೇಲೆ ಕಡಿದ ಬುಡವನ್ನು ಇಟ್ಟು ತೋರಿಸಿದೆ. ಓರೆ ಏಟು ಓರೆ ಏಟಿಗೆ ಹೊಂದಿತು.

“ಫಾರಂನಲ್ಲಿ ಇದಕ್ಕೆ ಕಲಂ ಇಲ್ಲಮ್ಮ,” ಎಂದರು. ಈ ಸಲ ನಗಲಿಲ್ಲ.

ಅಂಚಿನಲ್ಲಿ ಜಾಗ ಇದೆಯಲ್ಲ ಸರ್ ಎಂದೆ. ಅವರು ಹಾಳೆ ತಿರುಗಿಸಿ ಹಿಡಿದು, ಅಂಚಿನಲ್ಲಿ ಬರೆದರು: ‘ಬೆಳೆ ಕಟಾವಾಗಿ ಹುಳು ಸಾಕಣೆ ಮನೆಯಲ್ಲಿದೆ. ಖುದ್ದು ನೋಡಿದೆ. ಹಸಿರು ಎಂದೇ ಉಳಿಸಬಹುದು.’ ಸಹಿ ಹಾಕಿದರು. ತಾರೀಖು ಮರೆತಿದ್ದರು. ತಾರೀಖು ಹಾಕಿ ಸರ್ ಎಂದು ನಾನೇ ನೆನಪಿಸಿ ಹಾಕಿಸಿದೆ. ಎರಡೂ ಹಾಳೆಯನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡು, ಪುಸ್ತಕದಲ್ಲೂ ಅಕ್ಷರ ಬಿಡದೆ ಬರೆದುಕೊಂಡೆ.

ಮರುದಿನ ಬೆಳಿಗ್ಗೆ ಸತ್ತ ಹುಳ ಹನ್ನೊಂದು. ಸಾಮಾನ್ಯವಾಗಿ ಮೂರೋ ನಾಲ್ಕೋ. ಅವ್ವ ಹನ್ನೊಂದನ್ನೂ ಎಲೆಯ ಮೇಲೆ ಸಾಲಾಗಿಟ್ಟು ಒಂದೊಂದನ್ನೂ ತಿರುಗಿಸಿ ನೋಡಿದಳು, ಆಮೇಲೆ ಸುಣ್ಣ ಹಾಕಿ ಹೂತಳು. ಅದರ ಮರುದಿನ ಒಂಬತ್ತು. ಅಷ್ಟರಲ್ಲಿ ಹುಳ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರಿದವು. ದೊಡ್ಡಪ್ಪ ಎರಡು ದಿನವೂ ಮುಂಜಾನೆ ಬಂದು, ಬಾಗಿಲಿಂದ ದೂರ ನಿಂತು, ಎಷ್ಟು ಎಂದು ಕೇಳಿದರು. ಹೇಳಿದೆ. ಗೂಡು ಬಂದಿತು, ಎಂದಿನಷ್ಟಲ್ಲ. ಈ ಇಪ್ಪತ್ತು ಹುಳವನ್ನು, ದೊಡ್ಡಪ್ಪನ ಹೋದ ಬೆಳೆಯನ್ನು, ನಮ್ಮ ಬಲಿತುಹೋದ ತೋಟವನ್ನು ಆ ಕಚೇರಿ ಯಾವ ಕಲಂನಲ್ಲಿ ಬರೆಯುತ್ತದೆ ಎಂದು ನನಗೆ ಗೊತ್ತಿಲ್ಲ.

ತಿದ್ದಿದ ಪಟ್ಟಿ ಇನ್ನೂ ಗೋಡೆಗೆ ಬಂದಿಲ್ಲ. ಕೆಲಸ ಮುಗಿಸಿ ಬಸ್ಸಿಳಿದು ಬರುವಾಗ ದಿನಾ ನೋಡುತ್ತೇನೆ. ಹಳೆಯದೇ ಇದೆ, ಬಿಸಿಲಿಗೆ ಅಕ್ಷರ ಮಾಸಿದೆ. ‘ಬೀಳು’ ಮಾತ್ರ ಇನ್ನೂ ಓದಬಹುದು. ನನ್ನ ಪುಸ್ತಕದಲ್ಲಿ ಐವತ್ತೈದನೇ ಬೆಳೆಗೆ ಹೊಸ ಗೆರೆ ಎಳೆದಿದ್ದೇನೆ. ಮೊದಲು ಸಾಲಿಗೆ ಒಂದೇ ಕಲಂ ಇತ್ತು, ತೋಟದಲ್ಲಿ ಉಳಿದದ್ದು ಎಷ್ಟು ಎಂದು. ಈಗ ಎರಡು: ಹೊಲದಲ್ಲಿ ನಿಂತ ಸಾಲು ಎಷ್ಟು, ಮನೆಯೊಳಗೆ ಬಂದ ಸಾಲು ಎಷ್ಟು. ನಮ್ಮದಕ್ಕೊಂದು ಪುಟ, ದೊಡ್ಡಪ್ಪನದಕ್ಕೊಂದು ಪುಟ. ದಿನದ ಕೊನೆಗೆ ದೊಡ್ಡಪ್ಪ ನಮ್ಮ ಪುಟಕ್ಕೆ ಸಹಿ ಹಾಕುತ್ತಾರೆ, ಅವ್ವ ಅವರ ಪುಟಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ತಾರೀಖು ನಾನು ಹಾಕುತ್ತೇನೆ.